ಸತ್ಯವೇದದಲ್ಲಿ ಬಿಟ್ಟ ಸಾಲು

ನಮ್ಮ ಮನೆಯ ಸತ್ಯವೇದಕ್ಕೆ ಕುದುರೆ ಜೀನಿನ ಚರ್ಮದ ಹೊದಿಕೆ ಇದೆ. ನನ್ನ ಮುತ್ತಜ್ಜ ಮಿಶನ್ನಿನ ಒಬ್ಬ ಪಾದ್ರಿಯ ಕುದುರೆ ನೋಡಿಕೊಳ್ಳುವ ಚಾಕರಿಯಲ್ಲಿದ್ದ. ಹರಿದ ಜೀನಿನಲ್ಲಿ ಉಳಿದ ಗಟ್ಟಿ ಚರ್ಮವನ್ನು ತಾನೇ ಕತ್ತರಿಸಿ, ದಬ್ಬಣ ಹಿಡಿದು ಹೊಲಿದು ಹಾಕಿದ್ದನಂತೆ. ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ. ಮಳೆಗಾಲದಲ್ಲಿ ಮಾತ್ರ ಪುಸ್ತಕದಿಂದ ಕುದುರೆ ಲಾಯದ ವಾಸನೆ ಬರುತ್ತದೆ. ಚಿಕ್ಕವಳಿದ್ದಾಗ ದೇವರ ವಾಸನೆಯೇ ಹಾಗೆ ಅಂದುಕೊಂಡಿದ್ದೆ.

ಬೈಬಲ್ಲಿನ ಹಳೆಯ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ನಡುವೆ ನಾಲ್ಕು ಖಾಲಿ ಹಾಳೆಗಳಿವೆ. ನಮ್ಮ ಮನೆತನ ಇರುವುದೆಲ್ಲ ಆ ನಾಲ್ಕು ಹಾಳೆಗಳಲ್ಲಿ. ಯಾರು ಯಾವಾಗ ಹುಟ್ಟಿದರು, ಯಾವಾಗ ದೀಕ್ಷಾಸ್ನಾನವಾಯಿತು, ಯಾರನ್ನು ಮದುವೆಯಾದರು, ಯಾವಾಗ ತೀರಿಕೊಂಡರು ಎಂಬುದನ್ನು ಆಯಾ ಕಾಲದ ಹಿರಿಯ ಮಗ ಬರೆಯಬೇಕು. ಒಬ್ಬೊಬ್ಬರಿಗೆ ಒಂದೊಂದು ಸಾಲು. ದೀಕ್ಷಾಸ್ನಾನ ಆದವರಿಗೆ ಮಾತ್ರ ಸಾಲು. ಹುಟ್ಟಿದ ಹತ್ತು ದಿನಕ್ಕೆ ತೀರಿಕೊಂಡ ನನ್ನ ಅಣ್ಣನಿಗೆ ಕೂಡ ಅಲ್ಲಿ ಜಾಗವಿಲ್ಲ. ಅವ್ವ ಆ ವಿಷಯವಾಗಿ ಅಪ್ಪನ ಜೊತೆ ಮೂರು ದಿನ ಮಾತು ಬಿಟ್ಟಿದ್ದಳಂತೆ.

ಮೊದಲನೆಯ ಸಾಲು ಮುತ್ತಜ್ಜನದು. ಪಾದ್ರಿ ಇಟ್ಟ ಹೊಸ ಹೆಸರು, ದೀಕ್ಷಾಸ್ನಾನದ ತಾರೀಖು. ಮೂರನೆಯ ಸಾಲು ಅವನ ಮಗನದು, ಅಂದರೆ ನನ್ನ ಅಜ್ಜನದು. ನಡುವಿನ ಎರಡನೆಯ ಸಾಲು ಖಾಲಿ. ಅದು ಮುತ್ತಜ್ಜನ ಹೆಂಡತಿಗೆ ಬಿಟ್ಟ ಸಾಲು. ಗಂಡ ದೀಕ್ಷಾಸ್ನಾನ ಮಾಡಿಸಿಕೊಂಡ, ನಾಲ್ಕು ವರ್ಷದ ಮಗನಿಗೂ ಮಾಡಿಸಿದ. ಅವಳು ಮಾತ್ರ ಒಪ್ಪದೆ ತವರುಮನೆಗೆ ಹೋದಳು. ಇವತ್ತಲ್ಲ ನಾಳೆ ಬಂದಾಳು ಎಂದು ಮುತ್ತಜ್ಜ ಒಂದು ಸಾಲು ಬಿಟ್ಟು ಮಗನ ಹೆಸರು ಬರೆದ. ಅವಳು ಬರಲಿಲ್ಲ. ಮಗನಿಗೆ, ನಿಮ್ಮ ಅವ್ವ ಸತ್ತಳು ಎಂದು ಹೇಳಿ ಕೈತೊಳೆದುಕೊಂಡರು. ಅಜ್ಜನಿಗೆ ತಾಯಿಯ ಬಗ್ಗೆ ಒಂದೇ ಒಂದು ನೆನಪಿತ್ತು: ಮುಂಗೈ ಮೇಲೆ ಹಸಿರು ಹಚ್ಚೆಯ ತೊಟ್ಟಿಲು. ಮುಖ ನೆನಪಿಲ್ಲ, ದನಿ ನೆನಪಿಲ್ಲ, ಹೆಸರಂತೂ ಅವನಿಗೆ ಯಾರೂ ಹೇಳಿರಲಿಲ್ಲ. ನಾಲ್ಕು ವರ್ಷದ ಕೂಸಿಗೆ ಅವ್ವ ಅಂದರೆ ಅವ್ವ, ಅಷ್ಟೇ.

ಅಪ್ಪನ ಒಂದು ಚಾಳಿಯ ಬಗ್ಗೆ ಇಲ್ಲಿ ಹೇಳಬೇಕು. ಅಪ್ಪ ಇಂಡಿ ಊರಿನ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಅಂಗಿಯ ಜೇಬಿನಲ್ಲಿ ಶಾಯಿಯ ಪೆನ್ನು, ಕಿವಿಯ ಮೇಲೆ ಪೆನ್ಸಿಲು. ತಾನು ಕಣ್ಣಾರೆ ಕಂಡದ್ದನ್ನು ಶಾಯಿಯಲ್ಲಿ, ಬೇರೆಯವರ ಬಾಯಿಂದ ಕೇಳಿದ್ದನ್ನು ಪೆನ್ಸಿಲಿನಲ್ಲಿ ಬರೆಯುವುದು ಅವನ ಕಟ್ಟುನಿಟ್ಟು. ಕೂಸನ್ನು ತಕ್ಕಡಿಯಲ್ಲಿಟ್ಟು ತೂಗಿದರೆ ತೂಕ ಶಾಯಿಯಲ್ಲಿ. ವಯಸ್ಸು ಮಾತ್ರ ಪೆನ್ಸಿಲಿನಲ್ಲಿ. ಯಾಕೆಂದರೆ ನಮ್ಮ ಕಡೆ ವಯಸ್ಸು ಕೇಳಿದರೆ ಯಾರೂ ಸರಿಯಾಗಿ ಹೇಳುವವರಲ್ಲ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ತಾಯಿ ಹೇಳಿದ್ದು', 'ಗಂಡ ಹೇಳಿದ್ದು' ಎಂದು ಬರೆಯುತ್ತಿದ್ದ. ಡಾಕ್ಟರು ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ.

ಮನೆಯಲ್ಲಿಯೂ ಇದೇ ಪಾಡು. ಏಳನೆಯ ಇಯತ್ತೆಯ ಪರೀಕ್ಷೆಯಲ್ಲಿ ನಾನು ಇಡೀ ಶಾಲೆಗೇ ಮೊದಲು ಬಂದೆ. ಓಡಿಬಂದು ಹೇಳಿದರೆ ಅಪ್ಪ ತನ್ನ ಡೈರಿ ತೆಗೆದು ಪೆನ್ಸಿಲಿನಲ್ಲಿ ಬರೆದುಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಮ್ಯಾಲೆ ನಂಬಿಕಿ ಇಲ್ಲೇನು ನಿನಗ?" ಎಂದೆ.

"ನಂಬಿಕಿ ಐತಿ. ಕಂಡಿಲ್ಲ, ಅಷ್ಟ," ಎಂದ ಅಪ್ಪ.

ವಾರದ ಮೇಲೆ ಅಂಕಪಟ್ಟಿ ಬಂದಾಗ ಕನ್ನಡಕ ಏರಿಸಿ ಓದಿ, ಪೆನ್ಸಿಲಿನ ಅಕ್ಷರ ಅಳಿಸಿ, ಅದೇ ಜಾಗದಲ್ಲಿ ಶಾಯಿಯಿಂದ ಬರೆದ. ಆಮೇಲೆ ಪೇಟೆಗೆ ಕರೆದುಕೊಂಡು ಹೋಗಿ ಫೇಡೆ ಕೊಡಿಸಿದ. ಅಷ್ಟು ಹೊತ್ತಿಗೆ ನನ್ನ ಖುಷಿ ಆರಿಹೋಗಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ಅವ್ವ ತೀರಿಕೊಂಡಳು. ಅಪ್ಪನಿಗೆ ಚಾಕರಿಯಿಂದ ನಿವೃತ್ತಿಯಾಗಿ ಮೂರು ವರ್ಷವಾಗಿತ್ತು. ನಾನು ನಾಲತವಾಡದಲ್ಲಿ ಎರಡು ವರ್ಷ ಕಲಿಸಿ, ಮುದ್ದೇಬಿಹಾಳದ ಒಂದು ಪ್ರಾಥಮಿಕ ಶಾಲೆಗೆ ಬಂದಿದ್ದೆ. ಮದುವೆಯಾಗಿರಲಿಲ್ಲ. ನಮ್ಮ ಕ್ರೈಸ್ತ ಸಭೆಯಲ್ಲಿ ಇದ್ದದ್ದು ನಾಲ್ಕೈದು ಮನೆ. ಅದರಲ್ಲಿ ಗಂಡು ಹುಡುಕುವುದು ಅಂದರೆ ಒಂದೇ ಬುಟ್ಟಿಯನ್ನು ತಿರುತಿರುಗಿ ನೋಡಿದಂತೆ. ಅಪ್ಪ ಇಂಡಿಯ ಮನೆಯಲ್ಲಿ ಒಬ್ಬನೇ ಉಳಿದ. ಅವ್ವನ ಸಾಲಿನಲ್ಲಿ ಮರಣದ ತಾರೀಖು ಬರೆಯುವಾಗ ಅವನ ಕೈ ನಿಂತದ್ದನ್ನು ನಾನು ನೋಡಿದೆ. ಬರೆದಾದ ಮೇಲೆ ಹಾಳೆ ಹಿಂದಕ್ಕೆ ತಿರುವಿ ಆ ಖಾಲಿ ಸಾಲನ್ನು ಬಹಳ ಹೊತ್ತು ನೋಡುತ್ತ ಕೂತಿದ್ದ.

ಮರುವರ್ಷ ಅಪ್ಪನ ಎದೆ ಕೆಟ್ಟಿತು. ನಾಲ್ಕು ಹೆಜ್ಜೆ ನಡೆದರೆ ಉಸಿರು ಮೇಲೆ ಬರುತ್ತಿತ್ತು, ಕಾಲು ಬಾತಿತ್ತು. ಮೂವತ್ತು ವರ್ಷ ಔಷಧ ಕೊಟ್ಟವನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ರಜೆ ಹಾಕಿ ಬಂದಾಗ ಗೋಡೆಗೆ ಒರಗಿ ಕೂತಿದ್ದ, ತೊಡೆಯ ಮೇಲೆ ಸತ್ಯವೇದ.

"ಯವ್ವಾ, ಒಂದ ಕೆಲಸ ಉಳದೈತಿ. ಈ ಸಾಲು ತುಂಬಬೇಕು."

"ದೀಕ್ಷಾಸ್ನಾನ ಆಗದವರನ್ನ ಬರಿಯಂಗಿಲ್ಲ ಅಂತ ನೀನ ಹೇಳ್ತಿದ್ದಿ."

"ಹೇಳ್ತಿದ್ದೆ. ಆಗ ನಾ ಸಾಯಾಕತ್ತಿದ್ದಿಲ್ಲ."

ಅಪ್ಪ ಉಸಿರು ಕೂಡಿಸಿಕೊಂಡು ಮತ್ತೆ ಹೇಳಿದ: "ನಾ ಹೋದ್ರ ಅಲ್ಲಿ ನಮ್ಮಪ್ಪ ಸಿಗ್ತಾನ. ಅವ್ವ ಎಲ್ಲಿ ಅಂತ ಕೇಳ್ತಾನ. ಅಂವಾ ಸಣ್ಣಾಂವ ಇದ್ದಾಗಿಂದ ಅದನ್ನ ಕೇಳಕೋತ ಬಂದಾಂವ. ಹೆಸರ ಗೊತ್ತಿಲ್ಲಂದ್ರ ಅಷ್ಟು ಮಂದ್ಯಾಗ ಏನಂತ ಕೂಗೂಣು?"

ನನ್ನ ನಾಲಗೆ ಸುಮ್ಮನಿರುವುದಲ್ಲ. "ಅಕಿ ಅಲ್ಲಿ ಇರಂಗಿಲ್ಲಲ್ಲ, ಪಾದ್ರಿಗಳು ಹೇಳೂ ಪ್ರಕಾರ," ಎಂದೆ.

"ಪಾದ್ರಿಗಳೂ ಇನ್ನೂ ಅಲ್ಲಿ ಹೋಗಿ ಕಂಡಿಲ್ಲ. ಅದೂ ಪೆನ್ಸಿಲ್‌ನಾಗ ಬರಿಯೂ ಮಾತು," ಎಂದ ಅಪ್ಪ.

ಅವನಿಗೆ ಆ ಹೆಸರು ಎಷ್ಟು ಬೇಕಾಗಿತ್ತು ಎನ್ನುವುದು ನನಗೆ ಅವತ್ತು ಗೊತ್ತಾಯಿತು. ಹುಡುಕಿಕೊಂಡು ಬರುತ್ತೇನೆ ಎಂದು ಮಾತು ಕೊಟ್ಟೆ. ಪಕ್ಕದ ಮನೆಯವರು ಅಪ್ಪನ ಊಟ ತಿಂಡಿ ನೋಡಿಕೊಳ್ಳಲು ಒಪ್ಪಿದರು.

ಮೊದಲು ಹೋದದ್ದು ಬಸವನ ಬಾಗೇವಾಡಿಗೆ. ನಮ್ಮ ಸಭೆಯ ಹಳೆಯ ಉಪದೇಶಿ, ಎಂಬತ್ತು ದಾಟಿದವರು, ಅಲ್ಲಿ ಮಗಳ ಮನೆಯಲ್ಲಿದ್ದರು. ದೀಕ್ಷಾಸ್ನಾನದ ಹಳೆಯ ದಾಖಲೆ ಪುಸ್ತಕಕ್ಕೆ ಗೆದ್ದಲು ಹತ್ತಿದಾಗ ಉಳಿದದ್ದನ್ನೆಲ್ಲ ತಮ್ಮ ಕೈಯಿಂದ ನಕಲು ಮಾಡಿಟ್ಟುಕೊಂಡಿದ್ದರು. ಪೆಟ್ಟಿಗೆಯಿಂದ ಅದನ್ನು ತೆಗೆಸಿ, ಬೆರಳು ಓಡಿಸುತ್ತ ಮುತ್ತಜ್ಜನ ಹೆಸರಿನ ಬಳಿ ನಿಂತರು. ಹಿಂದಿನ ಹೆಸರು ಇತ್ತು. ಊರು ಇತ್ತು, ಲಚ್ಯಾಣದ ಹತ್ತಿರದ ಒಂದು ಹಳ್ಳಿ. ಪಾದ್ರಿಯ ಕುದುರೆಗೆ ಯಾವ ಬಣ್ಣ ಎಂಬುದು ಸಹ ಇತ್ತು. ಹೆಂಡತಿಯ ಬಗ್ಗೆ ಎರಡೇ ಪದ: 'ಹೆಂಡತಿ ಒಪ್ಪಲಿಲ್ಲ.'

"ಹೆಸರು?" ಎಂದೆ.

"ಬ್ಯಾಡ ಅಂದವರ ಹೆಸರು ಬರಕೊಂಡು ಏನು ಮಾಡೂದಿತ್ತು ತಂಗಿ?"

"ಕುದುರಿ ಬಣ್ಣ ಬರಕೊಂಡು ಏನು ಮಾಡಿದ್ರಿ?" ಎಂದೆ.

ಹಿರಿಯರಿಗೆ ಹಾಗೆ ಅನ್ನಬಾರದಿತ್ತು. ಆ ದಾಖಲೆ ಅವರು ಬರೆದದ್ದೂ ಅಲ್ಲ, ಬರೀ ನಕಲು ಮಾಡಿದವರು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹೊರಡುವಾಗ ಅಪ್ಪನಿಗಾಗಿ ಪ್ರಾರ್ಥನೆ ಮಾಡಿದರು. ನಾನು ಕಣ್ಣು ಮುಚ್ಚಿದ್ದೆ, ಆದರೆ ಒಳಗೆ ಸಿಟ್ಟು ಕುದಿಯುತ್ತಿತ್ತು. ಗಂಡನ ಮಾತಿಗೆ ಇಲ್ಲ ಎನ್ನಲು ಆ ಕಾಲದಲ್ಲಿ ಒಬ್ಬ ಹೆಂಗಸಿಗೆ ಎಷ್ಟು ಧೈರ್ಯ ಬೇಕಾಗಿತ್ತು. ಅದಕ್ಕೆ ಸಿಕ್ಕಿದ್ದು ಎರಡು ಪದ.

ಲಚ್ಯಾಣದ ಹತ್ತಿರದ ಆ ಹಳ್ಳಿಯಲ್ಲಿ ಮುತ್ತಜ್ಜನ ಕಡೆಯವರು ಯಾರೂ ಉಳಿದಿರಲಿಲ್ಲ. ಮನೆ ಬಿದ್ದ ಜಾಗದಲ್ಲಿ ಯಾರೋ ಜೋಳದ ಕಣಕಿಯ ಬಣವೆ ಒಟ್ಟಿದ್ದರು. ಬೇವಿನ ಮರದ ಕೆಳಗೆ ಕೂತಿದ್ದ ಒಬ್ಬ ಮುದುಕ ತನ್ನ ತಂದೆಯಿಂದ ಕೇಳಿದ್ದನ್ನು ಹೇಳಿದ: ಆ ಮನೆಯ ಸೊಸೆ ತಿರುಗಿ ಆಲಮೇಲಕ್ಕೆ ಹೋದಳು, ಅವಳದು ಕಬ್ಬಿನ ಗಾಣ ಇದ್ದ ಮನೆತನ, ಅವಳು ಸತ್ತದ್ದು ಎಷ್ಟೋ ವರ್ಷಗಳ ಮೇಲೆ. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅಜ್ಜನಿಗೆ ನಾಲ್ಕು ವರ್ಷವಿದ್ದಾಗ ಅವಳು ಸತ್ತಿರಲಿಲ್ಲ. ಬದುಕಿದ್ದಳು, ಇಂಡಿಯಿಂದ ಒಂದು ಹಗಲಿನ ನಡಿಗೆಯಷ್ಟು ದೂರದಲ್ಲಿ.

ಇದನ್ನು ಅಪ್ಪನಿಗೆ ಹೇಳಿದೆ. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಆ ಕಡೆ ನೋಡುತ್ತಲೇ, "ನಮ್ಮಪ್ಪ ಸಂತಿ ಸಂತಿಗೆ ಆಲಮೇಲಕ್ಕ ಹೋಗ್ತಿದ್ದ," ಎಂದ. ಅಜ್ಜ ಮಿಶನ್ ಶಾಲೆಯ ಮಾಸ್ತರನಾಗಿದ್ದ. ಶಾಲೆಯಿಲ್ಲದ ದಿನ ಸಂತೆಗಳಲ್ಲಿ ನಿಂತು ಸುವಾರ್ತೆಯ ಸಣ್ಣ ಪುಸ್ತಕಗಳನ್ನು ಮಾರುತ್ತಿದ್ದ.

ಆಲಮೇಲದಲ್ಲಿ ಗಾಣದವರ ಮನೆ ಕೇಳಿದರೆ ಕಣ್ಣು ಮುಚ್ಚಿಕೊಂಡು ತೋರಿಸುತ್ತಾರೆ. ಗಾಣ ಹೋಗಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಉಳಿದಿತ್ತು. ಮನೆಯ ಯಜಮಾನ, ಮೂವತ್ತೈದರ ಆಳು, ಕಟ್ಟೆಯ ಮೇಲೆ ಕೂತು ನನ್ನ ಮಾತು ಪೂರ್ತಿ ಕೇಳಿಸಿಕೊಂಡ. ಆಮೇಲೆ ನೇರವಾಗಿ ಕೇಳಿದ: "ಹೊಲದಾಗ ಪಾಲು ಕೇಳಾಕ ಬಂದೀರೇನ್ರಿ ಅಕ್ಕೋರ?"

"ಹೊಲ ನಿಮಗ ಇರ್ಲಿ. ನನಗ ಒಂದು ಹೆಸರು ಬೇಕು."

ಅವನು ನಕ್ಕು, ಒಳಗಿದ್ದ ತನ್ನ ಅಜ್ಜಿಯ ಹತ್ತಿರ ಕರೆದುಕೊಂಡು ಹೋದ. ನನ್ನ ಮುತ್ತಜ್ಜಿಯ ಅಣ್ಣನ ಸೊಸೆ ಆಕೆ. ಎಪ್ಪತ್ತು ದಾಟಿತ್ತು. ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ತೊಟ್ಟಿಲ ಹಚ್ಚೆಯ ಮಾತು ತೆಗೆಯುವ ಮೊದಲೇ ಅವಳೇ ತನ್ನ ಮುಂಗೈ ಮುಟ್ಟಿ ತೋರಿಸಿ, "ಇಲ್ಲಿ ತೊಟ್ಟಲಾ ಹಚ್ಚಿ ಹಾಕಿಸಿದ್ಲು," ಎಂದಳು. ಅಜ್ಜನ ಒಂದೇ ಒಂದು ನೆನಪು ಇನ್ನೊಂದು ಮನೆಯಲ್ಲಿ ಯಾರದೋ ಬಾಯಲ್ಲಿತ್ತು.

"ನಾ ಸೊಸಿಯಾಗಿ ಬಂದಾಗ ನಿಮ್ಮ ಮುತ್ತಜ್ಜಿ, ನಮ್ಮ ಆಯಿ, ಇದ್ಲು. ಅಕಿ ಜೋಡಿ ಹದಿನಾಕು ವರ್ಷ ಬಾಳೇವು ಮಾಡೇನಿ. ಭಾಳ ಮಾತಿನಾಕಿ ಅಲ್ಲ. ಒಂದ ಹಟಾ. ಹಂಚಿನ ಮ್ಯಾಲಿಂದ ಇಳಿಸಿದ ಮೊದಲನೇ ರೊಟ್ಟಿ ಯಾರಿಗೂ ಕೊಡ್ತಿದ್ದಿಲ್ಲ. ಅದು ನನ್ನ ಮಗಂದು ಅನ್ನಾಕಿ. ಬುಟ್ಟ್ಯಾಗ ಒಂದ ಕಡಿ ಇಡಾಕಿ. ಸಂಜೀಕ ಆಕಳಿಗೆ ಹಾಕಾಕಿ."

"ದಿನಾ?"

"ದಿನಾ. ಒಂದು ದಿನ ನಾ ಗೊತ್ತಿಲ್ಲದ ನಮ್ಮ ಮಾವಗ ಬಡಿಸಿಬಿಟ್ಟೆ. ಆಯಿ ಅವತ್ತು ಊಟಾನ ಮಾಡಲಿಲ್ಲ."

ಸಂತೆಗೆ ಪುಸ್ತಕ ಮಾರುವ ಮಾಸ್ತರು ಬರುತ್ತಿದ್ದುದು ಅವಳಿಗೆ ನೆನಪಿತ್ತು. ಮಿಶನ್ನಿನವರು ಬಂದ ದಿನ ಆಯಿ ಸೆರಗು ಮುಂದೆ ಎಳೆದುಕೊಂಡು ದೂರ ನಿಂತು ನೋಡುತ್ತಿದ್ದಳಂತೆ. ಒಂದು ಸಲ ಹತ್ತಿರ ಹೋಗಿ ಒಂದು ಪುಸ್ತಕ ತೆಗೆದುಕೊಂಡು ಬಂದಳು. ಓದು ಬರುತ್ತಿರಲಿಲ್ಲ. ಅದನ್ನು ಸೀರೆಯ ಗಂಟಿನಲ್ಲಿ ಇಟ್ಟುಕೊಂಡಿದ್ದಳು. ಸತ್ತಾಗ ಮನೆಯವರು ಅದನ್ನೂ ಅವಳ ಜೊತೆ ಮಣ್ಣಿಗೆ ಇಟ್ಟರು.

"ಆ ಮಾಸ್ತರ ತನ್ನ ಮಗ ಅಂತ ಅಕಿಗೆ ಗೊತ್ತಿತ್ತೇನು?" ಎಂದು ಕೇಳಿದೆ.

"ನಾ ಹೆಂಗ ಹೇಳ್ಲಿ ಯವ್ವಾ. ಅಕಿ ಹೇಳಲಿಲ್ಲ, ನಾವು ಕೇಳಲಿಲ್ಲ."

ಪುಸ್ತಕ ಕೊಟ್ಟ ಕೈ ಅಜ್ಜನದೇ ಇರಬಹುದು. ತೊಟ್ಟಿಲ ಹಚ್ಚೆಯ ಕೈ ಮುಂದೆ ಬಂದದ್ದನ್ನು ಅವನು ನೋಡಲಿಲ್ಲವೇ, ಅವಳೇ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳೇ, ನನಗೆ ಗೊತ್ತಿಲ್ಲ.

ಹೆಸರು ಕೇಳಿದೆ. ಮುದುಕಿ ಮೊರ ಕೆಳಗಿಟ್ಟಳು. "ಆಯಿ ಅಂತಿದ್ವಿ. ಊರೆಲ್ಲಾ ಆಯಿನ ಅಂತಿತ್ತು. ಹಿರ್ಯಾರ ಹೆಸರು ಸೊಸಿ ಆದಾಕಿ ಕೇಳ್ತಾಳೇನು? ಕೇಳಿದ್ರ ನಮ್ಮತ್ತಿ ಬಾಯಿಗೆ ಬರಿ ಎಳೀತಿದ್ಲು."

ಅದು ನಮ್ಮ ಕಡೆಯ ಪದ್ಧತಿಯೇ. ಗಂಡನ ಹೆಸರು ಹೇಳಬಾರದು, ಅತ್ತೆ ಮಾವನ ಹೆಸರು ಹೇಳಬಾರದು, ಗಂಡನ ಮನೆಯ ಹಿರಿಯರದು ಯಾರದೂ ಬಾಯಿಗೆ ಬರಬಾರದು. ಹೇಳಬಾರದ್ದನ್ನು ತಿಳಿದುಕೊಂಡಾದರೂ ಏನು ಪ್ರಯೋಜನ ಎಂದು ಸೊಸೆಯರು ಕೇಳುವುದನ್ನೇ ಬಿಟ್ಟಿರುತ್ತಾರೆ. ಹೆಸರು ಗೊತ್ತಿದ್ದ ಗಂಡಸರೆಲ್ಲ ಸತ್ತಿದ್ದರು. ಮುದುಕಿಯ ಮೈದುನ ಒಬ್ಬ ಮಾತ್ರ ಸಿಂದಗಿಯಲ್ಲಿ ಮಗನ ಮನೆಯಲ್ಲಿ ಇದ್ದ. "ಅಂವಗ ಗೊತ್ತಿರಬೇಕು. ಸಣ್ಣಾಂವ ಇದ್ದಾಗ ಆಯಿನ ಎತ್ತಿ ಆಡಿಸ್ಯಾಳ," ಎಂದಳು. ಹೊರಡುವಾಗ ನನ್ನ ಕೈಗೆ ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಳು. ನನ್ನ ಮುಖವನ್ನು ಹಿಡಿದು ನೋಡಿ, "ಹಣಿ ಅಕೀದ ಐತಿ," ಎಂದಳು.

ಸಿಂದಗಿಗೆ ಹೋದದ್ದು ಮರುದಿನ. ಆ ಮನೆಯ ಪಡಸಾಲೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದ ಮುದುಕನಿಗೆ ತನ್ನ ಮಗನ ಗುರುತು ಕೂಡ ಹತ್ತುತ್ತಿರಲಿಲ್ಲ. ಮಗ ಕಿವಿಯ ಬಳಿ ಬಾಗಿ ಜೋರಾಗಿ ಕೇಳಿದ: "ಅಪ್ಪಾ, ಆಲಮೇಲದಾಗ ಆಯಿ ಇದ್ಲಲ್ಲ, ನಿಮ್ಮ ಸ್ವಾದರತ್ತಿ, ಅಕಿ ಹೆಸರೇನು?"

"ಅತ್ತಿ," ಎಂದ ಮುದುಕ.

"ಹೌದು, ಅತ್ತಿ. ಹೆಸರು?"

"ಅತ್ತಿ." ಆಮೇಲೆ ಕಣ್ಣು ನನ್ನ ಕಡೆ ಹೊರಳಿಸಿ, "ರೊಟ್ಟಿ ಆತೇನು?" ಎಂದು ಕೇಳಿದ.

ಮಗ ನಾಚಿಕೊಂಡ. ಮುದುಕನಿಗೆ ಹಸಿವಾಗಿತ್ತು, ಅಷ್ಟೇ. ನಾನು ಒಂದು ಗಂಟೆ ಕಾದೆ, ಮತ್ತೆ ಕೇಳಿದೆ, ಮತ್ತೆ ಅದೇ ಮಾತು. ಅಲ್ಲಿಂದ ಎದ್ದು ಬಸ್ ನಿಲ್ದಾಣಕ್ಕೆ ಬಂದು ಕಲ್ಲಿನ ಬೆಂಚಿನ ಮೇಲೆ ಕೂತು ಅತ್ತೆ. ಜನ ನೋಡುತ್ತಿದ್ದರು, ನೋಡಲಿ ಎಂದು ಅತ್ತೆ. ಒಬ್ಬಳು ಹೆಂಗಸು ಎಪ್ಪತ್ತು ವರ್ಷ ಬದುಕಿ, ಒಂದು ಮಗುವನ್ನು ಹೆತ್ತು, ಇನ್ನೊಬ್ಬರ ಮಕ್ಕಳನ್ನು ಆಡಿಸಿ, ದಿನಕ್ಕೊಂದು ರೊಟ್ಟಿ ತೆಗೆದಿಟ್ಟು ಸತ್ತಿದ್ದಳು. ಅವಳ ಹೆಸರು ಹೇಳುವವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ.

ಇಂಡಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಮುದುಕಿ ಕೂತಳು. ಮಗಳ ಬಾಣಂತನಕ್ಕೆ ಹೊರಟವಳು, ಕಾಲ ಬಳಿ ಅಂಟಿನುಂಡೆಗೆ ಬೇಕಾದ ಕೊಬ್ಬರಿ, ಅಂಟು, ಉತ್ತತ್ತಿಯ ಚೀಲ. ನನ್ನ ಕಣ್ಣು ಕೆಂಪಾದದ್ದು ನೋಡಿ ಕಥೆ ಕೇಳಿದಳು, ನಾನು ಹೇಳಲಿಲ್ಲ. ಅವಳೇ ತನ್ನ ಕಥೆ ಹೇಳಿದಳು, ತನ್ನ ಹೆಸರೂ ಹೇಳಿದಳು. ನಮ್ಮ ಕಡೆ ಆ ಹೆಸರು ಹಿಡಿದು ಕರೆದರೆ ಓಣಿಗೆ ಒಬ್ಬ ಮುದುಕಿಯಾದರೂ ಓಗೊಡುತ್ತಾಳೆ. ಅಂಥ ಹೆಸರು.

ಮನೆ ಮುಟ್ಟಿದಾಗ ಮಧ್ಯಾಹ್ನ. ಅಪ್ಪ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಸತ್ಯವೇದ. ಬಾಗಿಲಲ್ಲಿ ನನ್ನನ್ನು ನೋಡಿದ ಕೂಡಲೇ ಎದ್ದು ನಿಲ್ಲಲು ಹೋದ, ಆಗಲಿಲ್ಲ. ನಾನು ನೀರು ಕುಡಿದು ಎಲ್ಲವನ್ನೂ ಹೇಳಿದೆ. ತೊಟ್ಟಿಲ ಹಚ್ಚೆ, ಮೊದಲನೆಯ ರೊಟ್ಟಿ, ಸಂತೆಯ ಪುಸ್ತಕ, ಅದನ್ನು ಮಣ್ಣಿಗೆ ಇಟ್ಟದ್ದು. ರೊಟ್ಟಿಯ ಮಾತಿಗೆ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಕೇಳಿದ: "ಹೆಸರು?"

ದಾರಿಯುದ್ದಕ್ಕೂ ಸಿಗಲಿಲ್ಲ ಎಂದು ಹೇಳುವುದೆಂದೇ ನಿರ್ಧಾರ ಮಾಡಿದ್ದೆ. ಅಪ್ಪನ ಮುಖ ನೋಡಿದೆ. ಹೊಸದಾಗಿ ಕ್ಷೌರ ಮಾಡಿಸಿಕೊಂಡ ಮುಖ, ಬಾತ ಕಣ್ಣು. ಬಸ್ಸಿನ ಮುದುಕಿಯ ಹೆಸರು ನನ್ನ ಬಾಯಿಂದ ಬಂದುಬಿಟ್ಟಿತು.

"ಯಾರು ಹೇಳಿದ್ರು?"

"ಸಿಂದಗ್ಯಾಗಿನ ಮುದುಕ."

"ಅಂವಗ ನೆನಪಿತ್ತಾ?"

"ಇತ್ತು."

ಅಪ್ಪ ನನ್ನನ್ನು ನೋಡಿದ. ಬಹಳ ಹೊತ್ತೇನಲ್ಲ. ದವಾಖಾನೆಯಲ್ಲಿ ಔಷಧದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವಾಗ ನೋಡುತ್ತಿದ್ದಷ್ಟು ಹೊತ್ತು. ಆಮೇಲೆ, "ಛಲೋ ಆತು," ಎಂದ. "ಸತ್ಯವೇದ ಕೈಗೆ ಕೊಡು. ಒಂದು ಕಪ್ ಚಾ ಮಾಡ್ಕೊಂಡು ಬಾ."

ಸ್ಟೋ ಹಚ್ಚಿ ಚಹಾಕ್ಕೆ ನೀರಿಟ್ಟೆ. ಆ ನಾಲ್ಕು ಹಾಳೆಗಳಲ್ಲಿ ಅಲ್ಲಿಯತನಕ ಒಂದು ಸುಳ್ಳೂ ಇರಲಿಲ್ಲ. ಹೆತ್ತ ಮಗನಿಗೆ ತಾಯಿ ಸತ್ತಳೆಂದು ಹೇಳಿದ ಮುತ್ತಜ್ಜ ಕೂಡ ಸುಳ್ಳು ಬರೆಯುವ ಬದಲು ಸಾಲನ್ನು ಖಾಲಿ ಬಿಟ್ಟಿದ್ದ. ಓಡಿಹೋಗಿ ಅಪ್ಪನ ಕೈ ಹಿಡಿಯಬೇಕು ಅನ್ನಿಸಿತು. ಹೋಗಲಿಲ್ಲ. ಚಹಾ ತಂದಾಗ ಪುಸ್ತಕ ಮುಚ್ಚಿ ಅವನ ತೊಡೆಯ ಮೇಲಿತ್ತು.

"ಬರದ್ಯಾ?"

"ಬರದೆ," ಎಂದ. ಸಮಾಧಾನದಿಂದ ಚಹಾ ಕುಡಿದ.

ತೆರೆದು ನೋಡಲು ನನಗೆ ಧೈರ್ಯವಾಗಲಿಲ್ಲ. ಅಪ್ಪ ಮತ್ತೆ ಆ ಹೆಸರನ್ನು ಎತ್ತಲಿಲ್ಲ. ಅದು ನನಗೆ ಒಂದು ಉಪಕಾರವೆಂದೇ ಕಂಡಿತು. ರೊಟ್ಟಿಯ ಮಾತನ್ನು ಮಾತ್ರ ತಿರುತಿರುಗಿ ಕೇಳಿದ: ಎಲ್ಲಿ ಇಡುತ್ತಿದ್ದಳು, ಸಂಜೆ ಎಷ್ಟು ಹೊತ್ತಿಗೆ ಆಕಳಿಗೆ ಹಾಕುತ್ತಿದ್ದಳು, ತಾನು ತಿನ್ನುತ್ತಿರಲಿಲ್ಲವೇ. ಮರುದಿನದಿಂದ ನಾನು ರೊಟ್ಟಿ ಬಡಿಯಲು ಕೂತರೆ ಹಾಸಿಗೆಯಿಂದಲೇ, "ಮೊದಲನೇದು ತಗದಿಡು," ಅನ್ನುತ್ತಿದ್ದ. ತೆಗೆದಿಟ್ಟು ಸಂಜೆ ಪಕ್ಕದ ಮನೆಯ ಆಕಳಿಗೆ ಹಾಕುತ್ತಿದ್ದೆ. ಹಾಕಿದೆಯೋ ಇಲ್ಲವೋ ಎಂದು ಕಿಟಕಿಯಿಂದ ನೋಡುತ್ತಿದ್ದ. ಹದಿನೈದು ದಿನ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಹೆಂಚು ಕಾಯುವ ಮೊದಲೇ ಅಪ್ಪನ ಉಸಿರು ನಿಂತಿತು. ನಾನು ಹತ್ತಿರವೇ ಇದ್ದೆ.

ಮಣ್ಣು ಮಾಡಿದ ಮೂರನೆಯ ದಿನ ಅಪ್ಪನ ಪೆನ್ನಿಗೆ ಶಾಯಿ ತುಂಬಿಕೊಂಡು ಸತ್ಯವೇದ ತೆರೆದೆ. ಹಿರಿಯ ಮಗ ಬರೆಯಬೇಕು. ಮನೆಯಲ್ಲಿ ಉಳಿದದ್ದು ನಾನು ಒಬ್ಬಳೇ. ಅಪ್ಪನ ಸಾಲು ಹುಡುಕುವಾಗ ಮೊದಲನೆಯ ಹಾಳೆ ತೆರೆದುಕೊಂಡಿತು. ಎಂಬತ್ತು ವರ್ಷ ಖಾಲಿ ಇದ್ದ ಎರಡನೆಯ ಸಾಲಿನಲ್ಲಿ ಆ ಹೆಸರು ಇತ್ತು. ಪೆನ್ಸಿಲಿನಲ್ಲಿ ಬರೆದಿದ್ದ. ಪಕ್ಕದಲ್ಲಿ, ದವಾಖಾನೆಯ ಚೀಟಿಗಳ ಮೇಲೆ ಬರೆಯುತ್ತಿದ್ದ ಅದೇ ಸಣ್ಣ ಅಕ್ಷರದಲ್ಲಿ: 'ಮಗಳು ಹೇಳಿದ್ದು.'

ಸಿಂದಗಿಯ ಮುದುಕ ಹೇಳಿದ ಎಂದು ನಾನು ಅವನಿಗೆ ಹೇಳಿದ್ದೆ. ಅಪ್ಪ ಹಾಗೆ ಬರೆಯಲಿಲ್ಲ. ತಾನು ಯಾರ ಬಾಯಿಂದ ಕೇಳಿದನೋ ಅವರನ್ನು ಬರೆಯುವುದು ಅವನ ರೂಢಿ, ಅಷ್ಟೇ ಇರಬಹುದು. ನಂಬಿಕೆ ಇತ್ತು, ಕಂಡಿರಲಿಲ್ಲ. ಮೊದಮೊದಲು ಹಾಗೆ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಆದರೆ ಅವತ್ತು ಅವನು ನನ್ನನ್ನು ನೋಡಿದ ನೋಟ ನನಗೆ ಗೊತ್ತು. ಅಪ್ಪನಿಗೆ ತಿಳಿದಿತ್ತು. ತಿಳಿದೂ ಛಲೋ ಆತು ಎಂದ, ಚಹಾ ಕುಡಿದ, ಹೆಸರಿಲ್ಲದೆಯೇ ಹೋದ. ನಾನು ಅವನಿಗಾಗಿ ಸುಳ್ಳು ಹೇಳಿದೆ ಅಂದುಕೊಂಡಿದ್ದೆ. ಅವನು ನನಗಾಗಿ ಸುಮ್ಮನಿದ್ದ.

ಅಪ್ಪನ ಮರಣದ ತಾರೀಖನ್ನು ಶಾಯಿಯಲ್ಲಿ ಬರೆದೆ. ಅದು ನಾನು ಕಣ್ಣಾರೆ ಕಂಡದ್ದು.

ಆಮೇಲೆ ಒಂದೆರಡು ಸಲ ಆಲಮೇಲಕ್ಕೆ ಹೋದೆ. ಯಾರಾದರೂ ನೆನಪು ಮಾಡಿಕೊಂಡಾರು ಎಂಬ ಆಸೆ. ಸಿಂದಗಿಯ ಮುದುಕ ತೀರಿಕೊಂಡ, ಮರುವರ್ಷ ಆ ಮುದುಕಿಯೂ ತೀರಿಕೊಂಡಳು. ಆಮೇಲೆ ಕೇಳುವುದಕ್ಕೆ ಯಾರೂ ಉಳಿಯಲಿಲ್ಲ. ಆ ಸಾಲನ್ನು ನಾನು ಅಳಿಸಲಿಲ್ಲ, ಅದರ ಮೇಲೆ ಶಾಯಿಯಲ್ಲಿ ತಿದ್ದಲೂ ಇಲ್ಲ. ನನ್ನ ಸಾಲಿನ ಕೆಳಗೆ ಇನ್ನು ಯಾರೂ ಇಲ್ಲವಾದ್ದರಿಂದ ಹಾಳೆ ತೆರೆಯುವ ಕೆಲಸ ನನಗೆ ಅಪರೂಪ. ತೆರೆದಾಗಲೆಲ್ಲ ಆ ಹೆಸರು ಇನ್ನಷ್ಟು ಮಾಸಿರುತ್ತದೆ. ಅಪ್ಪ ಹೆಸರನ್ನು ಹಗುರ ಕೈಯಿಂದ ಬರೆದಿದ್ದ. ಈಗ ಅದು ಅಲ್ಲಿ ಇತ್ತು ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಪಕ್ಕದ ಎರಡು ಪದಗಳನ್ನು ಒತ್ತಿ ಬರೆದಿದ್ದ. ಅವು ಇನ್ನೂ ಸ್ಪಷ್ಟವಾಗಿವೆ.